ಕನ್ನಡಕಕ್ಕೆ ಮೊದಲು ಕನ್ನಡ

ವರ್ಚುವಲ್ ರಿಯಾಲಿಟಿ ನೋವು ತಗ್ಗಿಸುತ್ತದೆ ಎಂಬುದರ ಬಗ್ಗೆ ನನಗೆ ತಕರಾರಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1990ರ ದಶಕದಲ್ಲೇ ಸುಟ್ಟಗಾಯದ ರೋಗಿಗಳೊಂದಿಗೆ ಈ ಕೆಲಸ ಶುರು ಮಾಡಿದರು. ಅವರ ‘ಸ್ನೋವರ್ಲ್ಡ್’ನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ಸಾಗುತ್ತಾ ಪೆಂಗ್ವಿನ್‌ಗಳತ್ತ ಹಿಮದುಂಡೆ ಎಸೆಯುತ್ತಿರುವಾಗ ಇತ್ತ ಗಾಯದ ಶುಶ್ರೂಷೆ ನಡೆಯುತ್ತದೆ. ನೋವು ಕಾಡಬೇಕಾದರೆ ನಮ್ಮ ಗಮನ ಅದರ ಕಡೆ ಇರಬೇಕು. ಗಮನ ಬೇರೆಡೆ ಹೋದಷ್ಟೂ ನೋವು ಇಳಿಯುತ್ತದೆ. ಅಲ್ಲಿ ಅದನ್ನು ಬಳಸಿದ್ದು ನೋವಿನ ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ.

ನನ್ನ ತಕರಾರು ಬೇರೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ನಾಲ್ಕು ಮಾತಾಡುವ ಏರ್ಪಾಡಿಲ್ಲದ ಆಸ್ಪತ್ರೆ, ಅದೇ ರೋಗಿಯ ಆತಂಕ ಕಳೆಯಲು ಕನ್ನಡಕ ಕೊಳ್ಳಹೊರಟರೆ ಅದು ತಲೆಕೆಳಗಾದ ಲೆಕ್ಕ.

ಕಾಶಿಯ ಹನುಮಾನ್ ಘಾಟ್ ನಮ್ಮವರಿಗೆ ಹೊಸದಲ್ಲ. ಕರ್ನಾಟಕದ ಛತ್ರ ಇರುವುದು ಅಲ್ಲೇ, ಪಕ್ಕದಲ್ಲಿ ಕರ್ನಾಟಕ ಘಾಟ್. ನನ್ನ ದೊಡ್ಡಮ್ಮ ಆ ಒದ್ದೆ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮೂಳೆ ಎಳೆದು ಕೂರಿಸಬೇಕಿತ್ತು. ‘ಕುಛ್ ನಹೀಂ ಹೋಗಾ, ಮಾತಾಜೀ’ ಎಂದರು. ನನ್ನನ್ನು ಹೊರಗೆ ನಿಲ್ಲಿಸಿದರು. ದೊಡ್ಡಮ್ಮ ಕೈ ಬಿಗಿಹಿಡಿದು ಕಿರುಚುತ್ತಿದ್ದರು. ಕೊನೆಗೆ, ನಮ್ಮ ಜೊತೆ ಬಂದಿದ್ದ ಅಡುಗೆ ಭಟ್ಟರು ಬಾಗಿಲಲ್ಲೇ ನಿಂತು, ‘ಅಮ್ಮಾ, ಈಗ ಕೈ ಎಳೀತಾರೆ. ಇಪ್ಪತ್ತು ಎಣಿಸಿ, ಅಷ್ಟರಲ್ಲಿ ಮುಗಿಯುತ್ತೆ’ ಅಂದರು. ದೊಡ್ಡಮ್ಮ ಎಣಿಸಿದರು. ನೋವು ಆಯಿತು, ಕಿರುಚಾಟ ನಿಂತಿತು. ಅದೂ ಗಮನ ತಿರುಗಿಸಿದ್ದೇ. ಆದರೆ ಮುಂದೇನು ಆಗಲಿದೆ ಎಂದು ಮೊದಲು ಹೇಳಿ, ಆಮೇಲೆ ತಿರುಗಿಸಿದ್ದು.

ಅದೇ ವರ್ಷ ಒಂದು ಕಂಪನಿಗೆ ವಿಆರ್ ಧ್ವನಿಪಠ್ಯ ಅನುವಾದಿಸಿಕೊಟ್ಟೆ. ಪೈನ್ ಕಾಡು, ಮಂಜು, ದೂರದ ಸರೋವರ. ‘ಮೈ ಸಡಿಲ ಬಿಡಿ’ ಎಂದು ನಾನು ಬರೆದದ್ದು ‘ದೇಹವನ್ನು ವಿಶ್ರಾಂತಗೊಳಿಸಿಕೊಳ್ಳಿ’ ಎಂದು ತಿದ್ದಿ ಬಂತು. ಅದನ್ನು ಕೇಳಿ ಯಾರ ಮೈ ಸಡಿಲಾದೀತು? ಈಗ ಸೂಜಿ ಚುಚ್ಚುತ್ತಾರೆ, ಈಗ ಉರಿಯುತ್ತದೆ ಎನ್ನುವ ಒಂದು ಸಾಲೂ ಆ ಇಡೀ ಪಠ್ಯದಲ್ಲಿರಲಿಲ್ಲ.

‘ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಅದೇ ಇದರ ಲಾಭ’ ಎನ್ನುವವರಿದ್ದಾರೆ. ಚಿತ್ರಕ್ಕಿಲ್ಲ ನಿಜ, ಚಿಕಿತ್ಸೆಗಿದೆ. ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ಪ್ರಶ್ನಾವಳಿಯಲ್ಲಿ ನೋವನ್ನು ವಿವರಿಸುವ 78 ಪದಗಳಿವೆ, ಏಕೆಂದರೆ ಯಾವ ಬಗೆಯ ನೋವು ಎಂಬುದೇ ವೈದ್ಯರಿಗೆ ಸುಳಿವು. ಉರಿ ಎಂದರೆ ನರದ ತೊಂದರೆಯಿರಬಹುದು. ಸೆಳೆತ, ಸಿಡಿತ, ಚುಚ್ಚು, ಹಿಂಡು, ಜೋಮು, ನಮ್ಮಲ್ಲೂ ಒಂದೊಂದಕ್ಕೆ ಒಂದೊಂದು ಮಾತಿದೆ. ಕೇಳುವವರಿಗೆ ಆ ಮಾತು ತಿಳಿಯದಿದ್ದರೆ ಉಳಿಯುವುದು ‘ಹತ್ತರಲ್ಲಿ ಎಷ್ಟು?’ ಮಾತ್ರ. ಕನ್ನಡಕ ಹಾಕಿಕೊಂಡು ಸುಮ್ಮನೆ ಮಲಗಿದ ರೋಗಿಗೆ ನೋವಿಲ್ಲವೋ, ಹೇಳಲು ದಾರಿಯಿಲ್ಲವೋ, ಹೊರಗಿನಿಂದ ಗೊತ್ತಾಗುವುದಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿರುವ ಒಡಿಶಾದ ಕಟ್ಟಡ ಕಾರ್ಮಿಕನಿಗೂ ನಾನು ಇದನ್ನೇ ಕೇಳುತ್ತೇನೆ. ಅಲ್ಲಿ ಅವನಿಗೆ ತಿಳಿಯದ ಭಾಷೆ ನಮ್ಮದು. ಒಪ್ಪಿಗೆ ಪತ್ರ ಅವನ ಭಾಷೆಯಲ್ಲಿರಲಿ. ಫೋನಿನಲ್ಲಾದರೂ ಒಬ್ಬ ದುಭಾಷಿ ಸಿಗಲಿ, ಅವರಿಗೆ ಸಂಬಳ ಇರಲಿ. ಭಟ್ಟರು ಪ್ರತಿ ಬಾರಿಯೂ ಬಾಗಿಲಲ್ಲಿ ಇರುವುದಿಲ್ಲ. ಇಷ್ಟು ಆದಮೇಲೆ ಕನ್ನಡಕ ಕೊಳ್ಳಿ, ಧ್ವನಿಪಠ್ಯವನ್ನು ನಾನೇ ಬರೆದುಕೊಡುತ್ತೇನೆ.