ಮೊದಲ ಗಾಡಿ ಮನೆಮಂದಿಗೆಲ್ಲ ಇರಲಿ

ಪಿಯುಸಿ ಮುಗಿಯಿತೆಂದರೆ ಸಾಕು, ಮನೆಮನೆಯಲ್ಲೂ ಒಂದೇ ರಾಗ, 'ಅಮ್ಮಾ, ಗಾಡಿ ಕೊಡಿಸು'. ಕೇಳುವವನು ಮಗನಾದರೆ ಅವನ ಕಣ್ಣು 150 ಸಿಸಿ ಬೈಕಿನ ಮೇಲೆ. ಮಗಳು ಕೇಳಿದರೆ ಮಾತ್ರ, 'ಬಸ್ಸು ಫ್ರೀ ಇದೆಯಲ್ಲ, ನಿಂಗ್ಯಾಕೆ ಗಾಡಿ?' ಎಂಬ ಉತ್ತರ. ಚೀಟಿ ದುಡ್ಡು ಅಮ್ಮನದು, ಗಾಡಿ ಮಗನದು. ಇದ್ಯಾವ ನ್ಯಾಯ ಹೇಳಿ?

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಅನುಕೂಲವಾಗಿದ್ದು ನಿಜ. ಆದರೆ ಸಂಜೆ ಟ್ಯೂಷನ್ ಮುಗಿಸಿದವಳನ್ನು ಬಸ್ಸು ಮನೆ ಬಾಗಿಲಿಗೆ ಬಿಡುವುದಿಲ್ಲ. ಸಂತೆ, ಆಸ್ಪತ್ರೆ, ಬ್ಯಾಂಕು ಎಂದು ಅಲೆಯುವ ಅಮ್ಮನಿಗೂ ಅಷ್ಟೇ.

ಹಾಗಾಗಿ ಒಂದೇ ಗಾಡಿ ಕೊಳ್ಳುವ ಶಕ್ತಿಯಿರುವ ಮನೆಗೆ ಗೇರಿಲ್ಲದ 110 ಸಿಸಿ ಸ್ಕೂಟರೇ ಸರಿ ಎಂಬುದು ನನ್ನ ಅನಿಸಿಕೆ. ಮಗ, ಮಗಳು, ಸೀರೆ ಉಟ್ಟ ಅಮ್ಮ ಮೂವರೂ ಓಡಿಸಬಹುದು. ಕಾಲಿಡುವ ಜಾಗದಲ್ಲಿ ತರಕಾರಿ ಚೀಲವೂ ಕೂರುತ್ತದೆ.

'ಮೈಲೇಜ್ ಕೊಡಲ್ಲ' ಅಂತಾರೆ ಮನೆಯವರು. ಲೆಕ್ಕ ಹಾಕಿ ನೋಡಿ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗಿಬರಲು ಸುಮಾರು 30 ಕಿ.ಮೀ. ಬೈಕು ಲೀಟರಿಗೆ 60, ಸ್ಕೂಟರು 45 ಕೊಟ್ಟರೂ ದಿನದ ವ್ಯತ್ಯಾಸ ಕಾಲು ಲೀಟರೂ ಇಲ್ಲ. ಹನೂರಿನಿಂದ ಕೊಳ್ಳೇಗಾಲಕ್ಕೆ ದಿನವೂ 50 ಕಿ.ಮೀ. ಓಡಾಡುವವರಿಗೆ ಮಾತ್ರ 100 ಸಿಸಿ ಬೈಕು ಲೇಸು. ಅದರ ದೊಡ್ಡ ಚಕ್ರಗಳು ಗುಂಡಿ ಬಿದ್ದ ರಸ್ತೆಗೂ ಒಗ್ಗುತ್ತವೆ.

ಕೊಳ್ಳುವ ಮುನ್ನ ಓಡಿಸುವವರೆಲ್ಲರೂ ಸೀಟಿನ ಮೇಲೆ ಕೂತು ನೋಡಿ. ಎರಡೂ ಪಾದ ನೆಲಕ್ಕೆ ಸಲೀಸಾಗಿ ಊರಬೇಕು. ರಸ್ತೆ ಮೇಲೆ ಹರಡಿದ ರಾಗಿ ಹುಲ್ಲಿನಲ್ಲಿ ಜಾರಿದಾಗ ಗಾಡಿಯ ಬಣ್ಣ ಕಾಪಾಡುವುದಿಲ್ಲ. ಇನ್ನು ಮಾದಪ್ಪನ ಬೆಟ್ಟದ ತಿರುವುಗಳಿಗೆ ಹೊಸಬರು ಅವಸರಪಡುವುದು ಬೇಡ. ಗೇರಿಲ್ಲದ ಗಾಡಿ ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿಕೊಂಡಿರುತ್ತದೆ.

ಬೆಲೆ ಕೇಳುವಾಗ ತಿಂಗಳ ಕಂತಿಗೆ ಮರುಳಾಗಬೇಡಿ. ತೆರಿಗೆ, ನೋಂದಣಿ, ವಿಮೆ, ಬಡ್ಡಿ, ಐಎಸ್ಐ ಗುರುತಿನ ಎರಡು ಹೆಲ್ಮೆಟ್, ಎಲ್ಲ ಸೇರಿಸಿ ಕೂಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ದರಪಟ್ಟಿ ತೋರಿಸಿದರೆ ಪ್ರಶ್ನಿಸಿ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನವರ ಸಾಲ ತೀರಿದೆಯೇ, ವಿಮೆ ಜಾರಿಯಲ್ಲಿದೆಯೇ ನೋಡಿ, ಆರ್‌ಸಿ ನಿಮ್ಮ ಹೆಸರಿಗೆ ಬದಲಾಗುವವರೆಗೂ ಬಿಡಬೇಡಿ. 2019ರ ಏಪ್ರಿಲ್ ನಂತರದ್ದಾದರೆ ಒಳ್ಳೆಯದು. ಅಂದಿನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಬ್ರೇಕ್ ಕಡ್ಡಾಯವಾಗಿದೆ.

ಒಂದು ಮಾತಿನಲ್ಲಿ ಮಾತ್ರ ರಾಜಿ ಬೇಡ. ಹದಿನೆಂಟು ತುಂಬಿ ಲೈಸೆನ್ಸ್ ಬರುವ ತನಕ ಕೀ ಕೊಡಕೂಡದು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಗುವಿಗೂ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. 'ಇಲ್ಲೇ ಅಂಗಡಿಗೆ ತಾನೇ' ಎಂಬ ನೆಪ ಪೊಲೀಸರಿಗೂ ಬೇಡ, ಲಾರಿಗೂ ಬೇಡ.

ಕೊನೆಗೊಂದು ಸಲಹೆ. ಆರ್‌ಸಿ ಅಮ್ಮನ ಹೆಸರಲ್ಲಿರಲಿ, ಕೀ ಯಾರ ಜೇಬೂ ಸೇರದೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡಲಿ. ಲೈಸೆನ್ಸ್ ಇದ್ದು, ಕೆಲಸ ಇದ್ದವರು ತೆಗೆದುಕೊಂಡು ಹೋಗಲಿ. ಏನಂತೀರಿ?