ಹಳದೀಪುರದ ಅರುಣಾ

ಸರಿ-ತಪ್ಪು ಎಲ್ಲ ಸಂದರ್ಭಕ್ಕೆ ಬಿಟ್ಟದ್ದು ಎಂದು ಯಾರಾದರೂ ಸಲೀಸಾಗಿ ಹೇಳಿದಾಗ ನನಗೆ ನೆನಪಾಗುವವರು ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ. 1973ರ ನವೆಂಬರಿನಲ್ಲಿ ಅಲ್ಲಿನ ನೌಕರನೊಬ್ಬ ನಾಯಿ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಇದನ್ನು ಯಾವ ಸಂದರ್ಭವೂ ಸರಿ ಮಾಡಲಾರದು, ಇಲ್ಲಿ ಚರ್ಚೆಗೆ ಜಾಗವೇ ಇಲ್ಲ. ಕಷ್ಟದ ಪ್ರಶ್ನೆ ಆಮೇಲಿನದು. ಮಿದುಳು ಘಾಸಿಗೊಂಡು ಹಾಸಿಗೆ ಹಿಡಿದ ಅರುಣಾ ಅವರಿಗೆ ಆಹಾರ ನಿಲ್ಲಿಸಿ ಬಿಡುಗಡೆ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ನರ್ಸ್‌ಗಳು ಕೂಡದು ಎಂದರು. ತಲೆಮಾರಿನಿಂದ ತಲೆಮಾರಿಗೆ ಆ ಮಂಚದ ಪಾಳಿ ವಹಿಸಿಕೊಂಡು, ಅನ್ನ ಕಿವುಚಿ ಉಣಿಸಿ, ಮಗ್ಗುಲು ಹೊರಳಿಸಿ, ಮೂವತ್ತೇಳು ವರ್ಷ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಏಳದಂತೆ ನೋಡಿಕೊಂಡವರು ಅವರು. ಎರಡೂ ಕಡೆ ಇದ್ದದ್ದು ಕರುಣೆಯೇ. 2011ರಲ್ಲಿ ಸುಪ್ರೀಂ ಕೋರ್ಟ್ ನರ್ಸ್‌ಗಳ ಮಾತನ್ನು ಎತ್ತಿಹಿಡಿಯಿತು. ಜೊತೆಗೇ, ಬೇರೆ ರೋಗಿಗಳ ವಿಷಯದಲ್ಲಿ ಹೈಕೋರ್ಟಿನ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದೆಂದಿತು. ಇದರಲ್ಲಿ ವಿರೋಧಾಭಾಸ ಇದೆಯೆಂದು ನನಗನಿಸುವುದಿಲ್ಲ. ರೋಗಿಯ ಮೈ ಮುಟ್ಟಿ ನೋಡಿಕೊಳ್ಳುವವರು ಯಾರು, ಆಕೆಗೆ ಏನು ಬೇಕಿತ್ತು, ಸಾವಿನಿಂದ ಯಾರಿಗೆ ಲಾಭ, ಇಷ್ಟನ್ನು ಕೇಳದೆ ಕೊಟ್ಟ ತೀರ್ಪು ಕ್ರೂರವಾಗುತ್ತದೆ. ಅರುಣಾ 2015ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಘನತೆಯಿಂದ ಸಾಯುವುದೂ ಹಕ್ಕು ಎಂದು 2018ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದನ್ನು ಜಾರಿಗೊಳಿಸುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು.