ಫ್ಲ್ಯಾಟಿನ ಲೆಕ್ಕ ಕನ್ನಡದಲ್ಲಿ ಕೇಳಿ!

ಚಳ್ಳಕೆರೆ, ಮೊಳಕಾಲ್ಮೂರು ಬಿಟ್ಟು ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡ ತಮ್ಮಂದಿರೇ, ತಿಂಗಳಿಗೊಮ್ಮೆ ತೆರುವ ನಿರ್ವಹಣಾ ಶುಲ್ಕ ಯಾವ ಲೆಕ್ಕದ್ದೆಂದು ಕೇಳಿದ್ದೀರಾ?

ರಸೀದಿ ಪುಸ್ತಕ ಅಚ್ಚು ಹಾಕುವವನು ನಾನು. ಅಲ್ಲಿನ ಒಂದು ಸಂಘ ಇಂಗ್ಲಿಷಿನಲ್ಲೇ ಸಾಕು ಎಂದಿತು. ಒಂದು ಸಾಲು ಕನ್ನಡಕ್ಕೂ ಜಾಗವಿಲ್ಲವಂತೆ!

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ ಲಿಫ್ಟು, ಪಂಪು, ಕಾವಲುಗಾರನ ಸಂಬಳದಂಥ ಸಾಮಾನ್ಯ ಖರ್ಚನ್ನು ಘೋಷಣಾಪತ್ರದಲ್ಲಿ ಬರೆದ ಅವಿಭಜಿತ ಪಾಲಿನ ಶೇಕಡಾವಾರು ಹಂಚಬೇಕು. ಇಡೀ ಕಟ್ಟಡದ ಬೆಲೆಯಲ್ಲಿ ನಿಮ್ಮ ಫ್ಲ್ಯಾಟಿನ ಬೆಲೆ ಎಷ್ಟನೆಯ ಭಾಗವೋ, ಪಾಲೂ ಅಷ್ಟೇ. ಒಂದು ಕೋಣೆಯವನು ಮೂರು ಕೋಣೆಯವನಷ್ಟೇ ಏಕೆ ಕಟ್ಟಬೇಕು? ಹಾಗೆಂದು ನೆಲಮಹಡಿಯವ ‘ನಾನು ಲಿಫ್ಟ್ ಹತ್ತುವುದಿಲ್ಲ’ ಎಂದರೆ ಕಾಯ್ದೆ ಬಿಡುವುದಿಲ್ಲ, ಅದೂ ಗೊತ್ತಿರಲಿ.

ಮುಂದಿನ ಸಭೆಯಲ್ಲಿ ಘೋಷಣಾಪತ್ರ, ಬೈಲಾ, ಲೆಕ್ಕ ಮೂರನ್ನೂ ಕನ್ನಡದಲ್ಲಿ ಕೇಳಿ. ಅಚ್ಚು ಹಾಕಿಕೊಡಲು ನಾನಿದ್ದೇನೆ.